ಓದಿನ ಸಾಲವೂ ತೀರಬೇಕು, ಕೆಲಸದಲ್ಲೂ ಬೆಳೆಯಬೇಕು: ಮೊದಲ ವರ್ಷಗಳಿಗೊಂದು ಮಾರ್ಗದರ್ಶಿ

ಮೊದಲ ಕೆಲಸಕ್ಕೆ ಸೇರಿದವರಿಗೆ ಓದಿನ ಸಾಲದ ವಿಷಯದಲ್ಲಿ ಸಿಗುವ ಬುದ್ಧಿಮಾತು ಎರಡೇ ಬಗೆಯದು. ‘ಹೊಟ್ಟೆ ಬಟ್ಟೆ ಕಟ್ಟಿಯಾದರೂ ಸರಿ, ಮೊದಲು ಸಾಲ ತೀರಿಸು’ ಎನ್ನುವುದು ಒಂದು. ‘ಇಎಂಐ ಅದರ ಪಾಡಿಗೆ ಹೋಗ್ತಾ ಇರುತ್ತೆ, ನೀನು ಆರಾಮಾಗಿರು’ ಎನ್ನುವುದು ಇನ್ನೊಂದು. ಮೊದಲನೆಯದು ಸಾಮಾನ್ಯವಾಗಿ ಹಿರಿಯರ ಮಾತು, ಎರಡನೆಯದು ಪಕ್ಕದ ಕುರ್ಚಿಯಲ್ಲಿ ಕೂತ ಸಹೋದ್ಯೋಗಿಯದು. ಮೊದಲನೆಯದನ್ನು ಅಕ್ಷರಶಃ ಪಾಲಿಸಿದವರು ಕೈಯಲ್ಲಿ ಕಾಸಿಲ್ಲದೆ, ಬೇಡವಾದ ಕೆಲಸಕ್ಕೆ ಅಂಟಿಕೊಂಡು ಕೂರುತ್ತಾರೆ. ಎರಡನೆಯದನ್ನು ನಂಬಿದವರಿಗೆ ಐದು ವರ್ಷ ಕಟ್ಟಿದ ಮೇಲೂ ಅಸಲು ಅಷ್ಟೇ ಇರುವಂತೆ ಕಂಡು ಗಾಬರಿಯಾಗುತ್ತದೆ.

ನನ್ನ ಪ್ರಕಾರ ಕ್ರಮ ಹೀಗಿರಬೇಕು. ಕಂತು ಒಂದು ದಿನವೂ ತಪ್ಪಬಾರದು. ಆದರೆ ಕಂತಿನ ಮೇಲೆ ಹೆಚ್ಚುವರಿ ಕಟ್ಟುವ ಅವಸರ ಮೊದಲ ಒಂದೆರಡು ವರ್ಷ ಬೇಡ. ಆ ಹೊತ್ತಿನಲ್ಲಿ ಮಿಗುವ ಹಣವೂ ಸಮಯವೂ ಮೊದಲು ಆಪತ್ತಿನ ನಿಧಿಗೆ, ಆಮೇಲೆ ನಿಮ್ಮ ದುಡಿಯುವ ಶಕ್ತಿ ಹೆಚ್ಚಿಸುವುದಕ್ಕೆ ಹೋಗಬೇಕು. ಸಾಲವನ್ನು ಬೇಗ ಮುಗಿಸುವ ಓಟ ಅದರ ನಂತರದ್ದು.

ಹಂತ 1: ಸಾಲದ ಪೂರ್ತಿ ವಿವರ ಒಂದೇ ಹಾಳೆಯಲ್ಲಿ

ತಮ್ಮ ಮೇಲೆ ಎಷ್ಟು ಸಾಲವಿದೆ ಎಂದು ಕೇಳಿದರೆ ಬಹಳಷ್ಟು ಮಂದಿ ಹೇಳುವುದು ಮಂಜೂರಾದ ಮೊತ್ತವನ್ನು. ಬ್ಯಾಂಕಿಗೆ ಕೊಡಬೇಕಾದದ್ದು ಅದಲ್ಲ. ಓದುವ ಅವಧಿಯಲ್ಲಿ ಕಂತು ಇರಲಿಲ್ಲ, ನಿಜ. ಬಡ್ಡಿ ಮಾತ್ರ ನಿಂತಿರಲಿಲ್ಲ.

ಒಂದು ಉದಾಹರಣೆ ಹಿಡಿದು ಹೋಗೋಣ. 8 ಲಕ್ಷ ಸಾಲ, ವರ್ಷಕ್ಕೆ ಶೇ 10 ಬಡ್ಡಿ, ಕಂತು ಶುರುವಾಗುವ ಮುನ್ನ ಎರಡೂವರೆ ವರ್ಷದ ಬಿಡುವು. ಈ ಬಿಡುವಿಗೆ ಬ್ಯಾಂಕಿನವರು ಮೊರಟೋರಿಯಂ ಎನ್ನುತ್ತಾರೆ. ಸರಳ ಬಡ್ಡಿಯ ಲೆಕ್ಕದಲ್ಲೇ ಈ ಅವಧಿಗೆ 2 ಲಕ್ಷ ಬಡ್ಡಿ ಆಯಿತು. ಬಿಡುವು ಮುಗಿದ ದಿನ ಆ 2 ಲಕ್ಷ ಅಸಲಿಗೆ ಸೇರುತ್ತದೆ. ಅಲ್ಲಿಂದ ಮುಂದೆ 10 ಲಕ್ಷದ ಮೇಲೆ ಬಡ್ಡಿ, ಅಂದರೆ ಬಡ್ಡಿಗೂ ಬಡ್ಡಿ. ಭಾರತದ ಬ್ಯಾಂಕುಗಳು ಅನುಸರಿಸುವ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಬಿಡುವು ಎಂದರೆ ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ. ಅಮೆರಿಕದ ಸರ್ಕಾರಿ ಸಾಲಗಳಲ್ಲಿ ಓದು ಮುಗಿದ ಮೇಲೆ ಆರು ತಿಂಗಳು. ಕೆಲಸ ಬೇಗ ಸಿಕ್ಕಿ ಬಿಡುವು ಇನ್ನೂ ಉಳಿದಿದ್ದರೆ ಮಾಡಬಹುದಾದ ಅತ್ಯುತ್ತಮ ಕೆಲಸ, ಆ ತಿಂಗಳುಗಳ ಬಡ್ಡಿಯನ್ನಷ್ಟೇ ಕಟ್ಟುತ್ತ ಹೋಗುವುದು. ಹೆಚ್ಚುವರಿ ಕಟ್ಟಬೇಡಿ ಎಂಬ ನನ್ನ ಮಾತಿಗೆ ಇದು ಸೇರುವುದಿಲ್ಲ; ಅಸಲು ಉಬ್ಬದಂತೆ ತಡೆಯುವ ಹಣ ಇದು.

ಹಾಳೆಯಲ್ಲಿ ಪ್ರತಿ ಸಾಲಕ್ಕೂ ಇಷ್ಟು ಇರಲಿ: ಇವತ್ತಿನ ಬಾಕಿ, ಬಡ್ಡಿ ದರ, ದರ ಸ್ಥಿರವೋ ಬದಲಾಗುವಂಥದ್ದೋ, ಮೊದಲ ಕಂತಿನ ತಾರೀಖು, ಉಳಿದ ತಿಂಗಳುಗಳು, ಮುಂಗಡ ಪಾವತಿಗೆ (ಕಂತಿನ ಮೇಲೆ ಹೆಚ್ಚುವರಿ ಕಟ್ಟುವುದಕ್ಕೆ) ಶುಲ್ಕ ಇದೆಯೇ, ಸಹ-ಸಾಲಗಾರರು ಮತ್ತು ಜಾಮೀನುದಾರರು ಯಾರು, ಒತ್ತೆ ಇಟ್ಟದ್ದು ಏನು. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಅದನ್ನೂ ಬರೆಯಿರಿ. ಸಂಬಂಧಿಕರಿಂದ ತಂದ ಕೈಸಾಲವನ್ನೂ ಬಿಡಬೇಡಿ. ಬಡ್ಡಿ ಇಲ್ಲದ ಮಾತ್ರಕ್ಕೆ ಅದು ಅಗ್ಗವಲ್ಲ ಎಂದು ಕೈಸಾಲ ಮಾಡಿದವರಿಗೆ ಗೊತ್ತು.

ಹಂತ 2: ನಿಮ್ಮ ಸಾಲ ಯಾವ ಬಗೆಯದು?

ಯೂಟ್ಯೂಬ್‌ನಲ್ಲಿ ಓದಿನ ಸಾಲದ ಬಗ್ಗೆ ಸಲಹೆ ಹುಡುಕಿದರೆ ಸಾಲುಸಾಲು ವಿಡಿಯೋಗಳು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಬೇರೆ ಯಾವುದೋ ದೇಶದ ನಿಯಮಕ್ಕೆ ಹೊಂದುವಂಥವು. ಸಾಲದ ಸ್ವಭಾವ ಬೇರೆಯಾದರೆ ಉಪಾಯವೂ ತಲೆಕೆಳಗಾಗುತ್ತದೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಇಂಗ್ಲೆಂಡಿನ ಸರ್ಕಾರಿ ವಿದ್ಯಾರ್ಥಿ ಸಾಲ ಹೆಸರಿಗೆ ಸಾಲ, ನಡತೆಯಲ್ಲಿ ತೆರಿಗೆ. ಅಲ್ಲಿನ ಪದವಿ ಸಾಲದಲ್ಲಿ ಆದಾಯ ಒಂದು ಮಿತಿ ದಾಟಿದ ಮೇಲೆ, ದಾಟಿದ ಭಾಗದ ಶೇ 9ರಷ್ಟನ್ನು ಸಂಬಳದಲ್ಲೇ ಹಿಡಿದುಕೊಳ್ಳುತ್ತಾರೆ. ಆದಾಯ ಇಲ್ಲದಿದ್ದರೆ ಕಂತೂ ಇಲ್ಲ. ನಿಗದಿತ ವರ್ಷಗಳ ನಂತರ, ಅಂದರೆ ‘ಪ್ಲಾನ್ 2’ರಲ್ಲಿ 30 ಮತ್ತು 2023ರ ಆಗಸ್ಟ್‌ನಿಂದ ಓದು ಆರಂಭಿಸಿದವರ ‘ಪ್ಲಾನ್ 5’ರಲ್ಲಿ 40 ವರ್ಷ ಕಳೆದ ಮೇಲೆ, ಉಳಿದದ್ದು ಮನ್ನಾ. ಹೇಗೂ ಪೂರ್ತಿ ತೀರದ ಸಾಲಕ್ಕೆ ಹೊಟ್ಟೆ ಕಟ್ಟಿ ಮುಂಗಡ ಕಟ್ಟುವುದರಲ್ಲಿ ಅರ್ಥವಿಲ್ಲ. ಆಸ್ಟ್ರೇಲಿಯಾ 1989ರಲ್ಲಿ ಶುರುಮಾಡಿದ ವ್ಯವಸ್ಥೆಯೂ ಆದಾಯಕ್ಕೆ ತಕ್ಕಂತೆ ವಸೂಲಾಗುವಂಥದ್ದು; ಅಲ್ಲಿ ಬ್ಯಾಂಕ್ ಬಡ್ಡಿಯ ಬದಲು ಬೆಲೆ ಏರಿಕೆಯಂಥ ಸೂಚ್ಯಂಕಕ್ಕೆ ತಕ್ಕಂತೆ ಬಾಕಿ ಹೆಚ್ಚುತ್ತದೆ. ಅಮೆರಿಕದ ಸರ್ಕಾರಿ ಸಾಲದಲ್ಲಿ ಆದಾಯ ನೋಡಿ ಕಂತು ನಿಗದಿ ಮಾಡಿಸಿಕೊಳ್ಳುವ ದಾರಿಗಳಿವೆ. ಜೊತೆಗೆ 2007ರ ಕಾನೂನಿನ ಪ್ರಕಾರ, ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಗಳಲ್ಲಿ ದುಡಿಯುತ್ತ 120 ಅರ್ಹ ಕಂತು ಕಟ್ಟಿದವರಿಗೆ ಉಳಿದ ಬಾಕಿ ಮನ್ನಾ ಆಗುತ್ತದೆ. ಶಿಕ್ಷಕ ವೃತ್ತಿಗೋ ಸಾರ್ವಜನಿಕ ಆರೋಗ್ಯಕ್ಕೋ ಹೋಗುವ ಮನಸ್ಸಿರುವವರಿಗೆ ಇದು ಲೆಕ್ಕವನ್ನೇ ಬದಲಿಸುತ್ತದೆ.

ಭಾರತದ ಬ್ಯಾಂಕ್ ಸಾಲ, ಎಲ್ಲ ದೇಶಗಳ ಖಾಸಗಿ ಸಾಲಗಳು ಇವುಗಳಿಗಿಂತ ಬೇರೆ. ಸಂಬಳ ಬಂದರೂ ಬಾರದಿದ್ದರೂ ಕಂತು ಕಟ್ಟಬೇಕು, ಮನ್ನಾ ಎಂಬುದಿಲ್ಲ. ಮುಂದಿನ ಹಂತಗಳನ್ನು ಮುಖ್ಯವಾಗಿ ಈ ಬಗೆಯ ಸಾಲಗಾರರನ್ನು ನೆನೆದು ಬರೆದಿದ್ದೇನೆ. ಒಂದು ದೇಶದಲ್ಲಿ ಸಾಲ ಮಾಡಿ ಇನ್ನೊಂದು ದೇಶದಲ್ಲಿ ದುಡಿಯುವವರು ಒಂದು ಕೆಲಸ ಹೆಚ್ಚು ಮಾಡಬೇಕು: ಹಣ ವರ್ಗಾವಣೆ ತಡವಾದರೂ ಕಂತು ನಿಲ್ಲದಂತೆ ಎರಡು ಮೂರು ಕಂತಿನಷ್ಟು ಹಣ ಸಾಲ ಮಾಡಿದ ದೇಶದ ಖಾತೆಯಲ್ಲೇ ಇರಲಿ.

ಹಂತ 3: ಕಂತು ಎಷ್ಟಿರಬೇಕು?

ನಮ್ಮ ಉದಾಹರಣೆಯ 10 ಲಕ್ಷಕ್ಕೆ ಶೇ 10ರ ದರದಲ್ಲಿ 10 ವರ್ಷದ ಅವಧಿ ಹಾಕಿದರೆ ತಿಂಗಳ ಕಂತು 13,215. ಒಟ್ಟು ಬಡ್ಡಿ 5.86 ಲಕ್ಷ. ಅವಧಿ 15 ವರ್ಷ ಮಾಡಿದರೆ ಕಂತು 10,746ಕ್ಕೆ ಇಳಿಯುತ್ತದೆ, ಬಡ್ಡಿ 9.34 ಲಕ್ಷಕ್ಕೆ ಏರುತ್ತದೆ. ತಿಂಗಳಿಗೆ ಸುಮಾರು 2,500 ಉಳಿಸಲು ಹೋಗಿ ಕೊನೆಗೆ ಮೂರೂವರೆ ಲಕ್ಷ ಹೆಚ್ಚು ತೆತ್ತಂತೆ. ಇಷ್ಟು ನೋಡಿದವರು ಕಣ್ಣು ಮುಚ್ಚಿ 10 ವರ್ಷ ಆರಿಸುತ್ತಾರೆ.

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಮುಂಗಡ ಕಟ್ಟಲು ಶುಲ್ಕವಿಲ್ಲ ಎಂದಾದರೆ, ಸಂಬಳ ಇನ್ನೂ ಗಟ್ಟಿಯಾಗದ ಹೊಸಬರಿಗೆ ಉದ್ದದ ಅವಧಿಯೇ ಸುರಕ್ಷಿತ. ಹೆಚ್ಚು ಕಟ್ಟಬೇಕೆನಿಸಿದ ತಿಂಗಳು ಕಟ್ಟಬಹುದು, ಕೆಲಸ ಹೋದ ತಿಂಗಳು ಸಣ್ಣ ಕಂತಿನಲ್ಲಿ ಬಚಾವಾಗಬಹುದು. ಗಿಡ್ಡ ಅವಧಿ ಹಾಕಿಸಿಕೊಂಡ ಮೇಲೆ ಕಂತು ಇಳಿಸಿ ಎಂದು ಬ್ಯಾಂಕಿಗೆ ಅಲೆಯುವುದು ಸುಲಭವಲ್ಲ. ಭಾರತದಲ್ಲಿ ವ್ಯಕ್ತಿಗಳು ವ್ಯಾಪಾರೇತರ ಉದ್ದೇಶಕ್ಕೆ ತೆಗೆದುಕೊಂಡ, ಬದಲಾಗುವ ದರದ ಸಾಲಕ್ಕೆ ಮುಂಗಡ ಪಾವತಿ ಶುಲ್ಕ ಹಾಕುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ ನಿಯಮ ಬ್ಯಾಂಕುಗಳಿಗೆ 2014ರಿಂದಲೇ ಇದೆ. ಅಮೆರಿಕದಲ್ಲೂ ವಿದ್ಯಾರ್ಥಿ ಸಾಲಕ್ಕೆ ಅಂಥ ದಂಡ ನಿಷಿದ್ಧ. ಸ್ಥಿರ ದರದ ಸಾಲವಾದರೆ ಕರಾರು ಪತ್ರ ಓದಿಯೇ ತೀರ್ಮಾನಿಸಿ. ಇನ್ನು, ಹೆಚ್ಚು ಕಟ್ಟುವ ಶಿಸ್ತು ತನಗಿಲ್ಲ ಎಂದು ಗೊತ್ತಿರುವವರು 10 ವರ್ಷವನ್ನೇ ಹಾಕಿಸಿಕೊಳ್ಳಲಿ. ಆ ಮೂರೂವರೆ ಲಕ್ಷ ಅಂಥವರ ಕೈಯಿಂದ ನಿಜಕ್ಕೂ ಹೋಗುತ್ತದೆ.

ಕಂತಿನ ಇನ್ನೊಂದು ಗುಣ ಗಮನಿಸಿ. ಸಂಬಳ ಏರಿದರೂ ಕಂತು ಏರುವುದಿಲ್ಲ. ಕೈಗೆ ಬರುವ ಸಂಬಳ 40,000 ಇದ್ದಾಗ 13,215 ಎಂದರೆ ಮೂರನೇ ಒಂದು ಪಾಲು, ಉಸಿರು ಕಟ್ಟುತ್ತದೆ. ಸಂಬಳ ವರ್ಷಕ್ಕೆ ಶೇ 12ರಂತೆ ಏರಿದರೆ ಆರು ವರ್ಷದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಕಂತು ಆರನೇ ಒಂದು ಪಾಲಿಗೆ ಇಳಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಖರ್ಚಿನ ಮಟ್ಟಿಗೆ ಸರಿಯೇ. ದುಡಿಮೆಯ ಮೊದಲ ವರ್ಷಗಳಲ್ಲಿ ಹಾಸಿಗೆಯನ್ನೇ ಉದ್ದ ಮಾಡಲು ಸಾಧ್ಯ ಎಂಬುದನ್ನು ಮರೆತು ಕಾಲನ್ನು ಮಡಚುತ್ತಲೇ ಇರುವವರು ಹೆಚ್ಚು.

ಬದಲಾಗುವ ದರದ ಸಾಲದಲ್ಲಿ ಒಂದು ಗುಟ್ಟು ಅಡಗಿರುತ್ತದೆ. ಭಾರತದಲ್ಲಿ 2019ರ ಅಕ್ಟೋಬರ್ 1ರಿಂದ ವ್ಯಕ್ತಿಗಳಿಗೆ ಬ್ಯಾಂಕುಗಳು ಕೊಡುವ ಈ ಬಗೆಯ ಹೊಸ ಸಾಲಗಳು ರೆಪೊ ದರದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿವೆ. ದರ ಏರಿದಾಗ ಬ್ಯಾಂಕು ಅನೇಕ ಸಲ ಕಂತನ್ನು ಮುಟ್ಟದೆ ಅವಧಿಯನ್ನು ಉದ್ದ ಮಾಡುತ್ತದೆ. ಖಾತೆಯಿಂದ ಹೋಗುವ ಹಣ ಅಷ್ಟೇ ಇರುವುದರಿಂದ ಸಾಲಗಾರನಿಗೆ ಗೊತ್ತೇ ಆಗುವುದಿಲ್ಲ. ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಹಿಗ್ಗಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿದೆ. ವರ್ಷಕ್ಕೊಮ್ಮೆ ಸ್ಟೇಟ್‌ಮೆಂಟ್ ತೆಗೆಸಿ ಉಳಿದ ತಿಂಗಳುಗಳನ್ನು ಎಣಿಸಿ.

ಹಂತ 4: ಕಂತು ತಪ್ಪದಂತೆ ಕಟ್ಟುಪಾಡು

ಸಂಬಳ ಬರುವ ದಿನಕ್ಕೂ ಕಂತು ಕಡಿತವಾಗುವ ದಿನಕ್ಕೂ ನಡುವೆ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಅಂತರ ಬೇಡ. ತಾರೀಖು ಬದಲಿಸಿಕೊಡಿ ಎಂದು ಬ್ಯಾಂಕನ್ನು ಕೇಳಬಹುದು. ಸಂಬಳದ ಖಾತೆಯಿಂದಲೇ ಕಡಿತವಾಗುವಂತೆ ಬಿಡುವುದಕ್ಕಿಂತ, ಕಂತಿಗೆಂದೇ ಬೇರೆ ಖಾತೆ ಇಟ್ಟು ಅದರಲ್ಲಿ ಸದಾ ಒಂದು ಕಂತು ಮುಂದಾಗಿ ಇರುವಂತೆ ನೋಡಿಕೊಳ್ಳುವುದು ವಾಸಿ.

ಭಾರತದಲ್ಲಿ 90 ದಿನ ದಾಟಿದ ಬಾಕಿ ಅನುತ್ಪಾದಕ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಅಮೆರಿಕದ ಸರ್ಕಾರಿ ಸಾಲ ಸುಸ್ತಿಯಾಗಲು 270 ದಿನ ಬೇಕು. ನೀವು ಸಾಲ ತೀರಿಸಿದ ಬಗೆಯನ್ನು ದಾಖಲಿಸುವ ಕ್ರೆಡಿಟ್ ವರದಿ ಅಷ್ಟು ದಿನ ಕಾಯುವುದಿಲ್ಲ. ಒಂದು ಕಂತು ತಡವಾದರೂ ಅಲ್ಲಿ ಗುರುತು ಬೀಳಬಹುದು. ಆ ವರದಿಯ ಮೇಲೆ ಕೊಡುವ ಅಂಕ, ಅಂದರೆ ಸ್ಕೋರು, ಭಾರತದಲ್ಲಿ 300ರಿಂದ 900ರವರೆಗೆ ಇರುತ್ತದೆ. ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಕೆಲವು ಉದ್ಯೋಗದಾತರು, ಅದರಲ್ಲೂ ಹಣಕಾಸು ಕ್ಷೇತ್ರದವರು, ಕೆಲಸ ಕೊಡುವ ಮುನ್ನ ಈ ವರದಿಯನ್ನೂ ನೋಡುತ್ತಾರೆ. ಅಪ್ಪನೋ ಅಮ್ಮನೋ ಸಹ-ಸಾಲಗಾರರಾಗಿದ್ದರೆ ನಿಮ್ಮ ತಪ್ಪಿದ ಕಂತು ಅವರ ಸ್ಕೋರಿಗೂ ಹೊಡೆತ. ನಾಳೆ ತಂಗಿಯ ಓದಿಗೆ ಸಾಲ ಕೇಳಲು ಅವರು ಹೋದಾಗ ಇದು ಎದುರಾಗುತ್ತದೆ.

ಹಂತ 5: ಆಪತ್ತಿನ ನಿಧಿ, ಸಾಲಕ್ಕಿಂತ ಮೊದಲು

ಮೊದಲು ಒಂದು ತಿಂಗಳ ಖರ್ಚು ಮತ್ತು ಕಂತು. ಆಮೇಲೆ ನಿಧಾನವಾಗಿ ಮೂರು ತಿಂಗಳದ್ದು. ಒಪ್ಪಂದದ ಮೇಲೆ ಕೆಲಸ ಮಾಡುವವರಿಗೆ, ಇಲ್ಲವೇ ಮನೆಯವರು ನಿಮ್ಮ ಸಂಬಳವನ್ನೇ ನಂಬಿದ್ದರೆ, ಆರು ತಿಂಗಳದ್ದು.

ಶೇ 10ರ ಸಾಲ ತಲೆಯ ಮೇಲಿರುವಾಗ ಅದರ ಅರ್ಧದಷ್ಟೂ ಬಡ್ಡಿ ತರದ ಉಳಿತಾಯ ಖಾತೆಯಲ್ಲಿ ಹಣ ಇಡುವುದು ದಡ್ಡತನವಲ್ಲವೇ ಎಂದು ಲೆಕ್ಕ ಬಲ್ಲವರು ಕೇಳುತ್ತಾರೆ. ಕಾಗದದ ಮೇಲೆ ನಷ್ಟ ಹೌದು. ಆದರೆ ಬ್ಯಾಂಕಿಗೆ ಮುಂಗಡ ಕಟ್ಟಿದ ಹಣ ಬೇಕೆಂದಾಗ ವಾಪಸ್ ಬರುವುದಿಲ್ಲ. ಮುಂಗಡ ಕಟ್ಟಿದ್ದೀರಿ ಎಂದು ಮುಂದಿನ ತಿಂಗಳ ಕಂತು ಮಾಫಿಯೂ ಆಗುವುದಿಲ್ಲ. ಕೈ ಖಾಲಿ ಇರುವಾಗ ಕೆಲಸ ಹೋದರೆ ಉಳಿಯುವ ದಾರಿ ಕ್ರೆಡಿಟ್ ಕಾರ್ಡು. ಅದರ ಬಡ್ಡಿ ಭಾರತದಲ್ಲಿ ವರ್ಷಕ್ಕೆ ಶೇ 30 ದಾಟುವುದು ಮಾಮೂಲು. ಈ ನಿಧಿಗೆ ಇನ್ನೂ ಒಂದು ಉಪಯೋಗವಿದೆ. ಮೂರು ತಿಂಗಳು ಸಂಬಳವಿಲ್ಲದೆ ನಡೆಯುತ್ತದೆ ಎಂದು ಗೊತ್ತಿರುವವರು ಕೆಟ್ಟ ಆಫರ್‌ಗೆ ‘ಇಲ್ಲ’ ಎನ್ನಬಲ್ಲರು.

ಹಂತ 6: ಸಾಲದ ಭಯದಲ್ಲಿ ಕೆಲಸ ಆರಿಸಬೇಡಿ

ಸಾಲ ನಮ್ಮ ಆಯ್ಕೆಯನ್ನು ನಮಗೆ ತಿಳಿಯದಂತೆ ಬಾಗಿಸುತ್ತದೆ ಎಂಬುದಕ್ಕೆ ಅಧ್ಯಯನದ ಆಧಾರವಿದೆ. ಜೆಸ್ಸಿ ರಾಥ್‌ಸ್ಟೈನ್ ಮತ್ತು ಸಿಸಿಲಿಯಾ ರೌಸ್ ಎಂಬ ಅರ್ಥಶಾಸ್ತ್ರಜ್ಞರು, ಅಮೆರಿಕದ ಒಂದು ಪ್ರತಿಷ್ಠಿತ ವಿಶ್ವವಿದ್ಯಾಲಯವು ವಿದ್ಯಾರ್ಥಿಗಳಿಗೆ ಸಾಲದ ಬದಲು ಅನುದಾನ ಕೊಡಲು ಶುರುಮಾಡಿದಾಗ ಆದ ಬದಲಾವಣೆಯನ್ನು ನೋಡಿದರು. 2011ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಸಾಲವಿದ್ದವರು ಹೆಚ್ಚು ಸಂಬಳದ ಕೆಲಸಗಳತ್ತ ವಾಲಿದರು. ಶಿಕ್ಷಣದಂಥ ಕಡಿಮೆ ಸಂಬಳದ ಸಾರ್ವಜನಿಕ ಸೇವೆಯ ಕೆಲಸಗಳಿಂದ ದೂರವಾದರು. ಹೆಚ್ಚು ಸಂಬಳದ ಕೆಲಸ ಹಿಡಿಯುವುದು ತಪ್ಪೇನಲ್ಲ. ಮೊದಲ ತಿಂಗಳ ಸಂಬಳವೊಂದನ್ನೇ ನೋಡಿ ಹಿಡಿಯುವುದು ತಪ್ಪು.

ಇನ್ನೊಂದು ಅಧ್ಯಯನ ಹಳೆಯದು, ಈಗಲೂ ಉಪಯುಕ್ತ. ರಾಬರ್ಟ್ ಟೋಪೆಲ್ ಮತ್ತು ಮೈಕೆಲ್ ವಾರ್ಡ್ 1992ರಲ್ಲಿ ಅಮೆರಿಕದ ಯುವಕರ ದುಡಿಮೆಯ ಜಾಡು ಹಿಡಿದು ತೋರಿಸಿದಂತೆ, ಮೊದಲ ಹತ್ತು ವರ್ಷದಲ್ಲಿ ಒಬ್ಬ ಸಾಮಾನ್ಯ ಕೆಲಸಗಾರ ಏಳು ಕಡೆ ಕೆಲಸ ಮಾಡಿರುತ್ತಾನೆ. ಆ ಅವಧಿಯ ಸಂಬಳ ಏರಿಕೆಯಲ್ಲಿ ಕನಿಷ್ಠ ಮೂರನೇ ಒಂದು ಪಾಲು ಬರುವುದು ಕೆಲಸ ಬದಲಿಸಿದಾಗ. ಸಾಲದ ಅಂಜಿಕೆಯಲ್ಲಿ ಒಂದೇ ಕುರ್ಚಿಗೆ ಅಂಟಿಕೊಂಡವರು ಕಳೆದುಕೊಳ್ಳುವುದು ಈ ಪಾಲನ್ನು.

ಹಾಗಾಗಿ ಆಫರ್ ಕೈಗೆ ಬಂದಾಗ ಹೀಗೆ ನೋಡಿ. ಮೊದಲ ಪ್ರಶ್ನೆ: ಕೈಗೆ ಬರುವ ಸಂಬಳದಲ್ಲಿ ಜೀವನದ ಖರ್ಚು, ಕಂತು ಎರಡೂ ಹೋಗಿ ಸ್ವಲ್ಪವಾದರೂ ಮಿಗುತ್ತದೆಯೇ? ಸಿಟಿಸಿ ಅಂಕಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು, ಇಲ್ಲಿ ಕೆಲಸಕ್ಕೆ ಬಾರದು. ಭವಿಷ್ಯ ನಿಧಿಗೆ ಕಂಪನಿಯ ಪಾಲು, ಗ್ರಾಚ್ಯುಟಿ, ವಿಮೆಯ ಕಂತು, ಬಂದರೂ ಬಾರದಿದ್ದರೂ ಆದೀತೆನ್ನುವ ಬೋನಸ್ಸು ಎಲ್ಲ ಅದರೊಳಗೆ ಸೇರಿರುತ್ತವೆ. ತಿಂಗಳಿಗೆ ಖಾತೆಗೆ ಎಷ್ಟು ಬೀಳುತ್ತದೆ ಎಂದು ಎಚ್‌ಆರ್‌ನವರನ್ನೇ ಕೇಳಿ, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಮೊದಲ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಮುಂದಕ್ಕೆ ಹೋಗಬೇಡಿ. ಎಷ್ಟೇ ಇಷ್ಟದ ಕೆಲಸವಾದರೂ ಕಂತು ತಪ್ಪಿಸಿ ಮಾಡುವಂಥದ್ದಲ್ಲ.

‘ಹೌದು’ ಎಂದಾದರೆ, ಮಿಗುವ ಮೊತ್ತದ ಹೆಚ್ಚುಕಡಿಮೆಗಿಂತ ಎರಡನೆಯ ಪ್ರಶ್ನೆಗೆ ತೂಕ ಜಾಸ್ತಿ: ಎರಡು ವರ್ಷದ ನಂತರ ಇಲ್ಲಿಂದ ಹೊರಟರೆ ಏನು ಬಲ್ಲವರಾಗಿ ಹೊರಡುತ್ತೀರಿ? ಈ ಕೆಲಸದಿಂದ ಮುಂದೆ ಹೋದವರು ಎಲ್ಲಿಗೆ ಹೋಗಿದ್ದಾರೆ ಎಂದು ಲಿಂಕ್ಡ್‌ಇನ್‌ನಲ್ಲಿ ಹುಡುಕಿದರೆ ಅರ್ಧ ಗಂಟೆಯಲ್ಲಿ ಚಿತ್ರ ಸಿಗುತ್ತದೆ. ನಿಮ್ಮ ನೇರ ಮೇಲಧಿಕಾರಿ ಯಾರು, ಅವರ ಕೆಳಗೆ ಹೊಸಬರು ಎಷ್ಟು ದಿನ ನಿಲ್ಲುತ್ತಾರೆ ಎಂದು ಸಂದರ್ಶನದಲ್ಲೇ ಕೇಳಬಹುದು.

ಮೂರನೆಯದು ಕರಾರು. ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಕೊಡಬೇಕು ಎಂಬ ಬಾಂಡ್ ಇದ್ದರೆ ಅದನ್ನು ಇನ್ನೊಂದು ಸಾಲ ಎಂದೇ ಹಾಳೆಗೆ ಬರೆಯಿರಿ. ಮೂಲ ಅಂಕಪಟ್ಟಿಗಳನ್ನು ಕೇಳುವ ಕಂಪನಿಗೆ ಕೊಡಬೇಡಿ. ಮೂರು ತಿಂಗಳ ನೋಟಿಸ್ ಪೀರಿಯಡ್ ಇದ್ದರೆ ಕೆಲಸ ಬದಲಿಸುವುದು ಅಷ್ಟರ ಮಟ್ಟಿಗೆ ಕಷ್ಟ.

ಸಂಬಳದ ಚೌಕಾಸಿ ಮಾಡುವಾಗ ‘ನನಗೆ ಸಾಲ ಇದೆ’ ಎಂದು ಬಾಯಿ ಬಿಡಬೇಡಿ. ಅದು ನಿಮ್ಮ ಅವಸರವನ್ನು ತೋರಿಸುತ್ತದೆ, ಬೆಲೆಯನ್ನಲ್ಲ. ಇದೇ ಕೆಲಸಕ್ಕೆ ಬೇರೆಡೆ ಎಷ್ಟು ಕೊಡುತ್ತಾರೆ, ನೀವು ಮಾಡಿ ತೋರಿಸಬಲ್ಲದ್ದು ಏನು, ಇವೆರಡರ ಮೇಲೆ ಮಾತು ನಿಲ್ಲಲಿ. ಸಂಬಳ ಏರಿಸಲು ಆಗದು ಎಂದರೆ ಸೇರುವಾಗ ಒಂದು ಬಾರಿ ಕೊಡುವ ಮೊತ್ತ, ಸ್ಥಳಾಂತರದ ಖರ್ಚು, ಆರು ತಿಂಗಳಿಗೇ ಸಂಬಳ ಪರಿಶೀಲನೆ ಇವನ್ನು ಕೇಳಿ.

ಹಂತ 7: ಮೊದಲ ಎರಡು ವರ್ಷ ಕೆಲಸದಲ್ಲಿ ಏನು ಮಾಡಬೇಕು?

ಮಾಡಿದ ಕೆಲಸದ ದಾಖಲೆ ಇಡಿ. ಪ್ರತಿ ಶುಕ್ರವಾರ ಹತ್ತು ನಿಮಿಷ ಸಾಕು: ಏನು ಮಾಡಿದೆ, ಅದರಿಂದ ಏನಾಯಿತು, ಯಾರು ಮೆಚ್ಚಿದರು. ವರ್ಷದ ಅಪ್ರೈಸಲ್ ಹೊತ್ತಿಗೆ ಮ್ಯಾನೇಜರ್‌ಗೆ ನೆನಪಿರುವುದು ಕಳೆದ ಎರಡು ತಿಂಗಳು ಮಾತ್ರ. ಹಿಂದಿನ ಹತ್ತು ತಿಂಗಳನ್ನು ನೆನಪಿಸುವ ಹೊಣೆ ನಿಮ್ಮದು. ಕಂಪನಿಯ ಗುಟ್ಟಿನ ಮಾಹಿತಿ ಮಾತ್ರ ಈ ದಾಖಲೆಯಲ್ಲಿ ಬೇಡ.

ಒಂದು ಕೌಶಲ ಆರಿಸಿಕೊಂಡು ಅದರಲ್ಲಿ ಆಳಕ್ಕೆ ಇಳಿಯಿರಿ. ಯಾವುದನ್ನು ಆರಿಸಬೇಕೆಂದು ತಿಳಿಯದಿದ್ದರೆ, ನಿಮಗಿಂತ ಒಂದು ಮೆಟ್ಟಿಲು ಮೇಲಿನ ಹುದ್ದೆಯ ಹತ್ತು ಜಾಹೀರಾತು ಓದಿ. ಅವುಗಳಲ್ಲಿ ಮತ್ತೆ ಮತ್ತೆ ಬರುವುದೇ ಉತ್ತರ. ದುಬಾರಿ ಕೋರ್ಸಿಗೆ ಇನ್ನೊಂದು ಸಾಲ ಮಾಡುವ ಮುನ್ನ ಕಂಪನಿ ಖರ್ಚು ಕೊಡುತ್ತದೆಯೇ ವಿಚಾರಿಸಿ. ಕೆಲಸ ಬದಲಿಸಬೇಕೋ ಬೇಡವೋ, ವರ್ಷಕ್ಕೊಂದೆರಡು ಸಂದರ್ಶನ ಕೊಡುವುದು ಒಳ್ಳೆಯದು. ನಿಮ್ಮ ಮಾರುಕಟ್ಟೆ ಬೆಲೆ ತಿಳಿಯಲು ಬೇರೆ ದಾರಿಯಿಲ್ಲ.

ಸಂಜೆ ಹೊತ್ತು ಬೇರೆ ಕೆಲಸ ಮಾಡಿ ಕಂತು ಕಟ್ಟುವ ಯೋಚನೆ ಹಲವರಿಗೆ ಬರುತ್ತದೆ. ನೇಮಕ ಪತ್ರದಲ್ಲಿ ಅದಕ್ಕೆ ಅವಕಾಶ ಇದೆಯೇ ನೋಡಿ. ಇದ್ದರೂ, ಮುಖ್ಯ ಕೆಲಸದ ಕಲಿಕೆಗೆ ಪೂರಕವಾದದ್ದಾದರೆ ಮಾತ್ರ ಮಾಡಿ. ನಿದ್ದೆಗೆಟ್ಟು ಗಳಿಸಿದ ನಾಲ್ಕು ಕಾಸು ಹಗಲಿನ ಕೆಲಸದ ಬಡ್ತಿಯನ್ನು ಮುಂದೂಡಿದರೆ ನಷ್ಟವೇ.

ಹಂತ 8: ಸಂಬಳ ಏರಿದ ದಿನ

ಹೈಕ್ ಬಂದ ತಿಂಗಳಲ್ಲೇ, ಹೊಸ ಸಂಬಳದ ರುಚಿ ಹತ್ತುವ ಮುನ್ನ, ಏರಿದ ಮೊತ್ತವನ್ನು ಹಂಚಿಬಿಡಿ. ಅರ್ಧ ಸಾಲಕ್ಕೆ, ಕಾಲು ಭಾಗ ಉಳಿತಾಯಕ್ಕೆ, ಕಾಲು ಭಾಗ ನಿಮ್ಮ ಸುಖಕ್ಕೆ ಎಂಬುದು ನನಗೆ ಸರಿ ಕಾಣುವ ಪಾಲು. ಸುಖದ ಪಾಲನ್ನು ಪೂರ್ತಿ ಕೊಯ್ದವರು ಆರು ತಿಂಗಳಿಗೇ ಬೇಸತ್ತು ಇಡೀ ಯೋಜನೆಯನ್ನು ಬಿಟ್ಟುಬಿಡುತ್ತಾರೆ. ಮನೆಗೆ ಹಣ ಕಳಿಸುವವರು ಇಷ್ಟು ಎಂದು ನಿಗದಿ ಮಾಡಿ ಮನೆಯವರಿಗೆ ಬಾಯಿಬಿಟ್ಟು ಹೇಳಿಬಿಡಿ. ಕಂತಿನ ಮೊತ್ತವನ್ನೂ ತಿಳಿಸಿ. ಮಗ ಅಥವಾ ಮಗಳ ಸಂಬಳದ ಅಂಕಿ ಗೊತ್ತಿದ್ದು ಕಂತಿನ ಅಂಕಿ ಗೊತ್ತಿಲ್ಲದ ಮನೆಗಳಲ್ಲೇ ತಪ್ಪು ನಿರೀಕ್ಷೆ ಬೆಳೆಯುವುದು.

ಹಂತ 9: ಈಗ ಮುಂಗಡ ಕಟ್ಟಿ

ಆಪತ್ತಿನ ನಿಧಿ ತುಂಬಿದೆ, ಸಂಬಳ ಒಮ್ಮೆ ಏರಿದೆ. ಈಗ ಸಾಲದ ಮೇಲೆ ಬೀಳಬಹುದು. ಒಂದಕ್ಕಿಂತ ಹೆಚ್ಚು ಸಾಲವಿದ್ದರೆ ದುಬಾರಿ ಬಡ್ಡಿಯದನ್ನು ಮೊದಲು ತೀರಿಸುವುದು ಲೆಕ್ಕದ ಪ್ರಕಾರ ಸರಿ. ಕ್ರೆಡಿಟ್ ಕಾರ್ಡ್ ಬಾಕಿಯಂತೂ ಈ ಹಂತದವರೆಗೆ ಕಾಯುವಂತೆಯೇ ಇಲ್ಲ. ಒಂದು ತಿಂಗಳ ನಿಧಿ ಕೂಡಿದ ಕೂಡಲೇ ಅದನ್ನು ತೀರಿಸಿ. ಎರಡಂಕಿಯಲ್ಲಿ ತೀರಾ ಮೇಲಿನ ದರದ ಖಾಸಗಿ ಸಾಲಕ್ಕೂ ಇದೇ ಮಾತು. ಸಣ್ಣ ಸಾಲವನ್ನು ಮೊದಲು ಮುಗಿಸಿ ಉಮೇದು ಪಡೆಯುವವರೂ ಇದ್ದಾರೆ. ದರಗಳ ನಡುವೆ ಅಂತರ ಕಡಿಮೆಯಿದ್ದರೆ ಅದರಿಂದ ದೊಡ್ಡ ನಷ್ಟವಿಲ್ಲ.

ನಮ್ಮ ಉದಾಹರಣೆಯಲ್ಲಿ (10 ವರ್ಷ, ಕಂತು 13,215) ಒಂದು ವರ್ಷ ಕಳೆದ ಮೇಲೆ 1 ಲಕ್ಷ ಮುಂಗಡ ಕಟ್ಟಿದರೆ ಸುಮಾರು 17 ತಿಂಗಳ ಕಂತು ಕಡಿಮೆಯಾಗಿ 1.25 ಲಕ್ಷಕ್ಕೂ ಹೆಚ್ಚು ಬಡ್ಡಿ ಉಳಿಯುತ್ತದೆ. ಅದೇ 1 ಲಕ್ಷವನ್ನು ಆರು ವರ್ಷದ ಮೇಲೆ ಕಟ್ಟಿದರೆ ಉಳಿಯುವುದು ಸುಮಾರು 43,000. ಹಾಗಾದರೆ ಮೊದಲ ವರ್ಷವೇ ಕಟ್ಟಬಾರದಿತ್ತೇ? ಇಲ್ಲಿ ಕಣ್ಣಿಗೆ ಮಣ್ಣೆರಚುವ ಒಂದು ಅಂಶವಿದೆ. ಎರಡೂ ಸಲ ನಿಮಗೆ ಸಿಕ್ಕ ಲಾಭ ವರ್ಷಕ್ಕೆ ಶೇ 10 ಮಾತ್ರ; ಮೊದಲನೆಯದಕ್ಕೆ ಹೆಚ್ಚು ವರ್ಷ ಸಿಕ್ಕಿತು, ಅಷ್ಟೇ. ಮುಂಗಡ ಕಟ್ಟುವುದೆಂದರೆ ಸಾಲದ ದರದಷ್ಟೇ ಗಳಿಕೆ, ಖಚಿತವಾದದ್ದು. ಅದೇ ಹಣ ನಿಮ್ಮ ಸಂಬಳವನ್ನು ತಿಂಗಳಿಗೆ ಎರಡು ಸಾವಿರ ಏರಿಸುವ ಕೌಶಲ ತಂದರೆ, ವರ್ಷಕ್ಕೆ 24,000. ಲಕ್ಷದ ಮೇಲೆ ಶೇ 24. ಏರಿಸುತ್ತದೆಂಬ ಖಾತ್ರಿ ಇಲ್ಲದಿದ್ದರೆ ಸಾಲಕ್ಕೇ ಕಟ್ಟಿ. ಶೇರು ಪೇಟೆಯಲ್ಲಿ ಇನ್ನೂ ಹೆಚ್ಚು ಬರುತ್ತದೆ ಎಂದು ಶೇ 10ರ ಸಾಲ ಉಳಿಸಿಕೊಂಡು ಅಲ್ಲಿ ಹಣ ಹಾಕುವುದನ್ನು ನಾನಂತೂ ಹೊಸಬರಿಗೆ ಹೇಳುವುದಿಲ್ಲ.

ಕಟ್ಟುವಾಗ ‘ಅಸಲಿಗೆ ಜಮಾ ಮಾಡಿ, ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ’ ಎಂದು ಬರಹದಲ್ಲಿ ಕೊಡಿ. ಹೇಳದಿದ್ದರೆ ಮುಂದಿನ ಕಂತಿನ ಮುಂಗಡ ಎಂದು ಜಮಾ ಆಗಿಬಿಡುವುದುಂಟು. ವಾರ ಬಿಟ್ಟು ಸ್ಟೇಟ್‌ಮೆಂಟ್‌ನಲ್ಲಿ ಅಸಲು ಇಳಿದಿದೆಯೇ ನೋಡಿ.

ತೆರಿಗೆಯ ಮಾತು ಚುಟುಕಾಗಿ. ಭಾರತದಲ್ಲಿ ಎಲ್ಲರ ಬಾಯಲ್ಲಿರುವ, ಓದಿನ ಸಾಲಕ್ಕೆ ಸಿಗುವ ‘80ಇ’ ತೆರಿಗೆ ವಿನಾಯಿತಿ ಬಡ್ಡಿಗೆ ಮಾತ್ರ, ಅಸಲಿಗಲ್ಲ. ಮೊತ್ತಕ್ಕೆ ಮಿತಿಯಿಲ್ಲ, ಎಂಟು ವರ್ಷದ ಮಿತಿಯಿದೆ, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗಷ್ಟೇ ಸಿಗುತ್ತದೆ. 2025-26ನೇ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಂಬಳದಾದಾಯಕ್ಕೆ ತೆರಿಗೆಯೇ ಬೀಳದ ಕಾರಣ, ಹೊಸಬರಲ್ಲಿ ಹೆಚ್ಚಿನವರಿಗೆ ಇದರ ಉಪಯೋಗವಿಲ್ಲ. ‘ತೆರಿಗೆ ಉಳಿಯುತ್ತದೆ, ಸಾಲ ಇಟ್ಟುಕೋ’ ಎನ್ನುವವರ ಮಾತನ್ನು ಈ ಲೆಕ್ಕ ಹಾಕದೆ ನಂಬಬೇಡಿ. ಅಮೆರಿಕದಲ್ಲಿ ವರ್ಷಕ್ಕೆ 2,500 ಡಾಲರ್‌ವರೆಗಿನ ಬಡ್ಡಿಗೆ, ಆದಾಯ ಮಿತಿಯೊಳಗಿದ್ದರೆ, ಕಡಿತವಿದೆ.

ಕೆಲಸ ಹೋದರೆ

ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ, ತಪ್ಪಿದ ಮೇಲಲ್ಲ. ಕೆಲಸ ಹೋದ ಪತ್ರ, ಖಾತೆಯ ವಿವರ ಜೊತೆಗಿರಲಿ. ಅವಧಿ ವಿಸ್ತರಣೆ, ಕೆಲವು ತಿಂಗಳ ಬಿಡುವು, ಬಡ್ಡಿ ಮಾತ್ರ ಕಟ್ಟುವ ಏರ್ಪಾಡು ಇವುಗಳಲ್ಲಿ ಯಾವುದು ಸಾಧ್ಯ, ಅದು ಕ್ರೆಡಿಟ್ ವರದಿಯಲ್ಲಿ ಹೇಗೆ ಕಾಣುತ್ತದೆ ಎಂದು ಕೇಳಿ. ಬಿಡುವಿನಲ್ಲಿ ಬಡ್ಡಿ ಓಡುತ್ತಲೇ ಇರುತ್ತದೆ, ಆದ್ದರಿಂದ ಬೇಕಾದಷ್ಟೇ ತಿಂಗಳು ಕೇಳಿ. ಭಾರತದಲ್ಲಿ ವಸೂಲಾತಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಶುಲ್ಕವಿಲ್ಲ. ಒಂದು ಸಾಲದ ಕಂತಿಗೆ ಆ್ಯಪ್‌ನಲ್ಲಿ ಇನ್ನೊಂದು ಸಾಲ ತೆಗೆಯುವ ಯೋಚನೆ ಬಂದ ಸಂಜೆ ಫೋನನ್ನು ಬದಿಗಿಟ್ಟು ಮನೆಯವರೊಂದಿಗೆ ಮಾತಾಡಿ.

ಕೊನೆಯ ಕಂತು ಕಟ್ಟಿದ ಮೇಲೆ

ಕೊನೆಯ ಕಂತು ಕಡಿತವಾದ ಮೆಸೇಜ್ ಬಂದಲ್ಲಿಗೆ ಸಾಲ ಮುಗಿಯಿತೆಂದು ತಿಳಿಯಬೇಡಿ. ಬಾಕಿ ಏನೂ ಇಲ್ಲ ಎಂಬ ನೋ ಡ್ಯೂ ಸರ್ಟಿಫಿಕೇಟನ್ನು ಬರಹದಲ್ಲಿ ಪಡೆಯಿರಿ. ಖಾತೆಯಿಂದ ತಾನಾಗಿ ಕಡಿತವಾಗುವ ಅನುಮತಿಯನ್ನು ರದ್ದು ಮಾಡಿಸಿ. ಆಸ್ತಿ ಪತ್ರ ಒತ್ತೆ ಇಟ್ಟಿದ್ದರೆ ಸಾಲ ತೀರಿದ 30 ದಿನದೊಳಗೆ ವಾಪಸ್ ಕೊಡಬೇಕು. ತನ್ನ ಕಡೆಯಿಂದ ತಡವಾದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿ ಪರಿಹಾರ ತೆರಬೇಕು. ಭಾರತದಲ್ಲಿ 2023ರ ಡಿಸೆಂಬರ್ 1ರಿಂದ ಈ ನಿಯಮ ಜಾರಿಯಲ್ಲಿದೆ. ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆದು ಆ ಸಾಲದ ಮುಂದೆ ‘ಕ್ಲೋಸ್ಡ್’ ಎಂದಿದೆಯೇ ನೋಡಿ. ಇಲ್ಲದಿದ್ದರೆ ಸರ್ಟಿಫಿಕೇಟ್ ಲಗತ್ತಿಸಿ ದೂರು ಕೊಡಿ; 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವಿದೆ. ಸಹ-ಸಾಲಗಾರರಾಗಿ ಸಹಿ ಹಾಕಿದ್ದ ಅಪ್ಪ ಅಮ್ಮನ ವರದಿಯನ್ನೂ ಅದೇ ದಿನ ತೆಗೆದು ನೋಡಿ, ಅಲ್ಲೂ ಅದೇ ಸಾಲ ನಮೂದಾಗಿರುತ್ತದೆ.